ತಲೆಗೆ ಪೆಟ್ಟಾಗಿ 8 ತಿಂಗಳಾಯ್ತು, ನಡೀತಾರೆ ಮಾತಾಡ್ತಾರೆ, ಆದ್ರೆ ದಿನದ ಕೆಲಸ ಮಾತ್ರ ಆಗ್ತಿಲ್ಲ. ನೀವು ಮನೇಲಿ ಏನು ಮಾಡಿದ್ರಿ?

ತುಮಕೂರು_ಟೀಚರ್

ಎಲ್ರಿಗೂ ನಮಸ್ಕಾರ. ಬರೀಲೋ ಬೇಡ್ವೋ ಅಂತ ಎರಡು ವಾರದಿಂದ ಯೋಚನೆ ಮಾಡಿ ಇವತ್ತು ಬರೀತಿದೀನಿ. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡ್ಕೋಬೇಡಿ.

ನಮ್ಮೆಜಮಾನ್ರಿಗೆ 41 ವರ್ಷ. ಕಿರಾಣಿ ಅಂಗಡಿ ಇದೆ, ಅವರಪ್ಪನ ಕಾಲದ್ದು. 8 ತಿಂಗಳ ಹಿಂದೆ ಮದುವೆ ಮನೆಯಿಂದ ಬೈಕಲ್ಲಿ ವಾಪಸ್ ಬರ್ತಾ ಬಿದ್ರು, ಹೆಲ್ಮೆಟ್ ಹಾಕಿದ್ರು ಆದ್ರೆ ಪಟ್ಟಿ ಬಿಗಿದಿರಲಿಲ್ಲ, ಹೆಲ್ಮೆಟ್ ಒಂದು ಕಡೆ ಇವರು ಒಂದು ಕಡೆ. ಆಸ್ಪತ್ರೆಗೆ ಸೇರಿಸಿದಾಗ ಜಿಸಿಎಸ್ (ಎಚ್ಚರ ಎಷ್ಟಿದೆ ಅಂತ ಅಳೆಯೋ ಅಂಕ, 15 ಅಂದ್ರೆ ಪೂರ್ತಿ ಎಚ್ಚರ) 7 ಅಂತ ಡಿಸ್ಚಾರ್ಜ್ ಶೀಟಲ್ಲಿ ಬರೆದಿದಾರೆ. ಹಣೆ ಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಆಪರೇಷನ್ ಆಯ್ತು, 11 ದಿನ ಐಸಿಯು. ದೇವರ ದಯೆ, ಉಳ್ಕೊಂಡ್ರು. ಈಗ ನಡೀತಾರೆ, ಮಾತಾಡ್ತಾರೆ, ಊಟ ಮಾಡ್ತಾರೆ. ನೋಡಿದೋರೆಲ್ಲ "ಪೂರ್ತಿ ಹುಷಾರಾಗಿದಾರಲ್ಲ" ಅಂತಾರೆ. ಮನೇಲಿ ಏನು ನಡೀತಿದೆ ಅನ್ನೋದು ನಮಗೆ ಮಾತ್ರ ಗೊತ್ತು.

ಬೆಳಿಗ್ಗೆ ಎದ್ದು ಮಂಚದ ಮೇಲೆ ಕೂತ್ರೆ ಹಂಗೇ ಕೂತಿರ್ತಾರೆ, ನಾನು ಹೋಗಿ ಬ್ರಷ್ ಕೈಗೆ ಕೊಟ್ರೆ ಹಲ್ಲುಜ್ಜುತಾರೆ, ಆಮೇಲೆ ಮತ್ತೆ ಅಲ್ಲೇ ನಿಲ್ತಾರೆ. ಹಾಲು ಕಾಯೋಕಿಟ್ಟು ಹೊರಗೆ ಹೋಗಿ ಪೇಪರ್ ನೋಡ್ತಾ ಕೂತಿದ್ರು, ಪಾತ್ರೆ ಸೀದು ಕಪ್ಪಾಗಿ ಅಡುಗೆಮನೆ ತುಂಬ ಹೊಗೆ, ಇವರಿಗೆ ಗೊತ್ತೇ ಆಗಿಲ್ಲ. ಫಿಟ್ಸ್ ಬರದೇ ಇರ್ಲಿ ಅಂತ ಕೊಟ್ಟಿರೋ ಮಾತ್ರೆನ ಒಂದು ದಿನ ಎರಡು ಸಲ ತಗೊಂಡ್ರು, ಇನ್ನೊಂದು ದಿನ ತಗೊಳ್ಳೇ ಇಲ್ಲ. ನಾನು ಸ್ಕೂಲಿಗೆ ಹೋಗೋದು 8.45ಕ್ಕೆ, ಬರೋದು ಸಂಜೆ 5. ಮನೇಲಿ ಅತ್ತೆ ಇರ್ತಾರೆ, ಅವರಿಗೆ 72.

ಅತ್ತೆ ಇದನ್ನ ಸೋಮಾರಿತನ ಅಂತಾರೆ. ನಾದಿನಿ ಬಂದಾಗೆಲ್ಲ "ಬೆಳಿಗ್ಗೆ ಏನು ತಿಂದೆ ಹೇಳಣ್ಣ ನೋಡೋಣ" ಅಂತ ಪರೀಕ್ಷೆ ಮಾಡ್ತಾಳೆ, ನೆನಪಿಸ್ಕೊಂಡ್ರೆ ಮೆದುಳು ಚುರುಕಾಗುತ್ತೆ ಅಂತ ಅವಳ ನಂಬಿಕೆ. ಇವರು ಇಡ್ಲಿ ಅಂತಾರೆ, ತಿಂದಿರೋದು ಉಪ್ಪಿಟ್ಟು. ವಿಚಿತ್ರ ಅಂದ್ರೆ ಹತ್ತು ವರ್ಷದ ಹಿಂದೆ ಅಂಗಡೀಲಿ ಯಾರ ಬಾಕಿ ಎಷ್ಟಿತ್ತು ಅನ್ನೋದು ಪೈಸೆ ಸಮೇತ ಹೇಳ್ತಾರೆ!

ಗೋಡೆ ತುಂಬ ಚೀಟಿ ಅಂಟಿಸಿದೀನಿ, ವೈಟ್‌ಬೋರ್ಡ್ ತಂದಿದೀನಿ, ಮೊಬೈಲಲ್ಲಿ ಮೆದುಳಿನ ಆಟ ಹಾಕ್ಕೊಟ್ಟಿದೀನಿ. ಯಾವುದೂ ಹತ್ತುತ್ತಿಲ್ಲ. ಡೈರಿ ಕೊಟ್ರೆ "ನಾನೇನು ನಿನ್ನ ಸ್ಕೂಲ್ ಹುಡುಗನಾ" ಅಂತ ಎಸೆದ್ರು. ಇದನ್ನ ದಾಟಿ ಬಂದೋರು ದಯವಿಟ್ಟು ಹೇಳಿ, ಮಾತ್ರೆ, ಒಲೆ, ಬೆಳಗಿನ ಹೊತ್ತು, ಈ ಮೂರು ಸರಿಹೋದ್ರೆ ಸಾಕು ನಂಗೆ.

---

ಮಲೆನಾಡಿನವ_45

ಅಕ್ಕ, ನಾನು ನಿಮ್ಮೆಜಮಾನ್ರ ಜಾಗದಲ್ಲೇ ಇದ್ದೋನು. ಶಿವಮೊಗ್ಗ ಕಡೆಯವನು, ತಲೆಗೆ ಪೆಟ್ಟಾಗಿ 6 ವರ್ಷ ಆಯ್ತು, ನಂದೂ ಹಣೆ ಭಾಗವೇ. ಒಳಗಿಂದ ಹೆಂಗಿರುತ್ತೆ ಅಂತ ಮೊದಲು ಹೇಳ್ತೀನಿ, ನಿಮ್ಮತ್ತೆಯವರಿಗೂ ಓದಿ ಹೇಳಿ.

ಸೋಮಾರಿತನ ಅಲ್ಲ ಅದು. ಏಳಬೇಕು ಅಂತ ಗೊತ್ತಿರುತ್ತೆ, ಏಳೋ ಮನಸ್ಸೂ ಇರುತ್ತೆ, ಆದ್ರೆ ಆ ಮೊದಲನೇ ತಳ್ಳು ಒಳಗಿಂದ ಹುಟ್ಟಲ್ಲ. ಬ್ಯಾಟರಿ ಕೂತಿರೋ ಗಾಡಿ ಥರ, ಯಾರಾದ್ರೂ ಹಿಂದಿಂದ ತಳ್ಳಿದ್ರೆ ಸ್ಟಾರ್ಟ್ ಆಗಿ ಹೋಗುತ್ತೆ. ನಮ್ಮಮ್ಮ ಬಂದು ಹೆಗಲ ಮೇಲೆ ಕೈ ಇಟ್ಟು "ಏಳು" ಅಂದ್ರೆ ಸಾಕು ಎದ್ದೇಬಿಡ್ತಿದ್ದೆ, ಅವರು ಬರದೇ ಇದ್ರೆ ಮಧ್ಯಾಹ್ನದವರೆಗೂ ಅಲ್ಲೇ. ಆ ತಳ್ಳನ್ನ ನೀವು ಎಲ್ಲಾದ್ರೂ ಹೊರಗಡೆ ಇಡಬೇಕು. ನಂಗೆ ಏನು ಮಾಡಿದ್ರು ಅಂದ್ರೆ ಮಗಳ ದನೀಲಿ ರೆಕಾರ್ಡ್ ಮಾಡಿ ಅಲಾರ್ಮ್‌ಗೆ ಹಾಕಿದ್ರು, "ಅಪ್ಪಾ ಎದ್ದೇಳು, ಬಚ್ಚಲಿಗೆ ಹೋಗು" ಅಷ್ಟೇ, ಒಂದೇ ಕೆಲಸ. ಹತ್ತು ನಿಮಿಷ ಆದ್ಮೇಲೆ ಇನ್ನೊಂದು, "ಅಪ್ಪಾ ಸ್ನಾನ ಆಯ್ತಾ, ಶರ್ಟ್ ಕುರ್ಚಿ ಮೇಲಿದೆ". ಎಲ್ಲಾ ಒಟ್ಟಿಗೆ ಹೇಳಿದ್ರೆ ಕೊನೇದು ಮಾತ್ರ ಉಳಿಯೋದು, ಇಲ್ಲಾ ಅದೂ ಇಲ್ಲ.

ಚೀಟಿ ವಿಷಯ. ಗೋಡೆ ತುಂಬ ಚೀಟಿ ಅಂಟಿಸಿದ್ರೆ ನಾಲ್ಕನೇ ದಿನಕ್ಕೆ ಅದು ಗೋಡೆಯ ಬಣ್ಣದ ಥರ ಆಗ್ಬಿಡುತ್ತೆ, ಕಣ್ಣಿಗೇ ಕಾಣಲ್ಲ. ಎಲ್ಲಾ ಕಿತ್ತಾಕಿ. ಕೆಲಸ ನಡೆಯೋ ಜಾಗದಲ್ಲಿ ಮಾತ್ರ ಒಂದು ಇರಲಿ.

ಮಾತ್ರೆಗೆ: ಮೆಡಿಕಲ್ ಶಾಪಲ್ಲಿ ವಾರದ ಡಬ್ಬಿ ಸಿಗುತ್ತೆ, ಸೋಮವಾರದಿಂದ ಭಾನುವಾರದವರೆಗೆ ಖಾನೆ, ದಿನಕ್ಕೆ ಎರಡೋ ಮೂರೋ. ಭಾನುವಾರ ರಾತ್ರಿ ನೀವೇ ತುಂಬಿ, ಉಳಿದ ಸ್ಟ್ರಿಪ್ಪೆಲ್ಲ ಬೀರು ಒಳಗೆ ಬೀಗ. ಆಮೇಲೆ "ಮಾತ್ರೆ ತಗೊಂಡ್ರಾ" ಅಂತ ಕೇಳಲೇಬೇಡಿ. ತಗೊಂಡೆ ಅಂತಾರೆ, ಸುಳ್ಳಲ್ಲ ಅದು, ನಿನ್ನೆ ತಗೊಂಡಿದ್ದು ಇವತ್ತಿನದು ಅನ್ಸುತ್ತೆ. ಖಾನೆ ಖಾಲಿ ಇದ್ರೆ ತಗೊಂಡಿದಾರೆ, ಮಾತ್ರೆ ಇದ್ರೆ ಇಲ್ಲ, ಡಬ್ಬಿನೇ ಸಾಕ್ಷಿ. ಇನ್ನೊಂದು, ಅಲಾರ್ಮ್ ಹೊಡೆಯೋ ಫೋನ್ ಜೇಬಲ್ಲಿ ಇರಬಾರದು, ಆ ಡಬ್ಬಿ ಮೇಲೇನೇ ಇರಬೇಕು. ಜೇಬಲ್ಲಿದ್ರೆ ಆಫ್ ಮಾಡಿ ಎರಡು ಹೆಜ್ಜೆ ಇಡೋಷ್ಟರಲ್ಲಿ ಮರೆತು ಹೋಗುತ್ತೆ. ಡಬ್ಬಿ ಮೇಲಿದ್ರೆ ಆಫ್ ಮಾಡೋಕೆ ಹೋದಾಗ ಕೈಗೆ ಡಬ್ಬಿ ಸಿಗುತ್ತೆ. ಪಕ್ಕದಲ್ಲೇ ಒಂದು ನೀರಿನ ಬಾಟ್ಲಿ, ಯಾಕಂದ್ರೆ ನೀರು ತರೋಕೆ ಅಡುಗೆಮನೆಗೆ ಹೋದ್ರೆ ಅಲ್ಲಿ ಇನ್ನೇನೋ ಕಾಣುತ್ತೆ, ಮುಗೀತು.

ಒಲೆಗೆ: ನಾನು ಗ್ಯಾಸ್ ಬಿಟ್ಟು ಟೈಮರ್ ಇರೋ ಇಂಡಕ್ಷನ್ ಸ್ಟವ್ ತಗೊಂಡೆ, ಹೊತ್ತಾದ್ಮೇಲೆ ತಾನೇ ಆಫ್ ಆಗುತ್ತೆ. ಅದಕ್ಕಿಂತ ನನ್ನ ಕಾಪಾಡಿದ್ದು ಒಂದು ಸೌಟು. ಒಲೆ ಹಚ್ಚೋ ಮುಂಚೆ ಎಡಗೈಲಿ ಸೌಟು ಹಿಡ್ಕೋಬೇಕು, ಆರಿಸೋವರೆಗೂ ಕೆಳಗೆ ಇಡಂಗಿಲ್ಲ. ಬಾಗ್ಲಲ್ಲಿ ಬೆಲ್ ಆಗುತ್ತೆ, ಹೋಗ್ತೀನಿ, ಹಾಲಿನ ವಿಷಯ ಪೂರ್ತಿ ಮರೆತಿರ್ತೀನಿ, ಆದ್ರೆ ಚಿಲಕ ತೆಗೆಯೋಕೆ ಹೋದಾಗ ಕೈಲಿ ಸೌಟು ಅಡ್ಡ ಬರುತ್ತೆ, ಯಾಕಿದು ಅಂತ ನೋಡ್ತೀನಿ, ಓ ಹಾಲು! ಮೂರು ತಿಂಗಳು ನಮ್ಮಮ್ಮ ಪಕ್ಕದಲ್ಲಿ ನಿಂತು ದಿನಾ ಇದನ್ನೇ ಮಾಡಿಸಿದ್ರು, ಈಗ ಸೌಟಿಲ್ಲದೆ ಒಲೆ ಹಚ್ಚೋಕೆ ಕೈಯೇ ಹೋಗಲ್ಲ.

ಕೊನೇದಾಗಿ ಡೈರಿ. ನಂಗೂ ಹಂಗೇ ಸಿಟ್ಟು ಬಂದಿತ್ತು. ಅಪಘಾತಕ್ಕೆ ಮುಂಚೆ ಅವರ ಕೈಲಿ ಯಾವಾಗ್ಲೂ ಇರ್ತಿದ್ದ ವಸ್ತು ಯಾವುದು ಅಂತ ಯೋಚನೆ ಮಾಡಿ, ಅದರಿಂದ ಶುರು ಮಾಡಿ. ಅಂಗಡಿಯವರು ಅಂತೀರಿ, ಉದ್ರಿ ಪುಸ್ತಕ ಬರೀತಿದ್ರಲ್ವಾ?

---

ಓಟಿ_ಕರಾವಳಿ

ನಾನು ಆಕ್ಯುಪೇಶನಲ್ ಥೆರಪಿಸ್ಟ್ (ಓಟಿ), ಅಂದ್ರೆ ದಿನದ ಕೆಲಸಗಳನ್ನ ಮತ್ತೆ ತಾವೇ ಮಾಡ್ಕೊಳ್ಳೋ ಹಾಗೆ ಕಲಿಸೋರು, ತಲೆಗೆ ಪೆಟ್ಟಾದವರ ಜೊತೆ ಕೆಲಸ ಮಾಡಿ 13 ವರ್ಷ ಆಯ್ತು. ಮಲೆನಾಡಿನ ಅಣ್ಣ ಬರೆದಿರೋ ಸೌಟಿನ ಉಪಾಯವನ್ನ ನಾಳೆಯಿಂದ ನಾನೂ ಹೇಳಿಕೊಡ್ತೀನಿ, ಅಷ್ಟು ಚೆನ್ನಾಗಿದೆ.

ಟೀಚರ್ ಮೇಡಂ, ಮೊದಲು ನಿಮ್ಮ ನಾದಿನಿಯವರ ಪರೀಕ್ಷೆ ನಿಲ್ಲಿಸಿ. ಪ್ರೀತಿಯಿಂದಾನೇ ಮಾಡ್ತಿದಾರೆ, ಆದ್ರೆ ಕೆಟ್ಟದಾಗ್ತಿದೆ. ಯಾಕೆ ಅಂದ್ರೆ, ನಾವು ಒಂದು ತಪ್ಪು ಉತ್ತರ ಹೇಳಿದ್ರೆ "ಅದು ತಪ್ಪಾಗಿತ್ತು" ಅಂತ ನೆನಪಿಟ್ಕೊಂಡು ಮುಂದಿನ ಸಲ ತಿದ್ದಿಕೊಳ್ತೀವಿ. ಇವರಿಗೆ "ತಪ್ಪಾಗಿತ್ತು" ಅನ್ನೋ ಭಾಗ ಉಳಿಯಲ್ಲ, ಬಾಯಿಂದ ಬಂದ ತಪ್ಪು ಮಾತ್ರ ಉಳಿಯುತ್ತೆ, ಅದೇ ರೂಢಿಯಾಗುತ್ತೆ. 1994ರಲ್ಲಿ ಬ್ಯಾಡ್ಲಿ ಮತ್ತೆ ವಿಲ್ಸನ್ ಅನ್ನೋ ಇಂಗ್ಲೆಂಡಿನ ಸಂಶೋಧಕರು ಇದನ್ನ ತೋರಿಸಿದ್ರು, ಜೋರು ಮರೆವು ಇರೋರಿಗೆ ಊಹೆ ಮಾಡೋಕೆ ಬಿಡದೆ ಮೊದಲೇ ಸರಿಯಾದ್ದನ್ನ ಕೊಟ್ಟು ಕಲಿಸಿದ್ರೆ ಚೆನ್ನಾಗಿ ಕೂರುತ್ತೆ ಅಂತ. ಹಾಗಾಗಿ "ಬೆಳಿಗ್ಗೆ ಏನು ತಿಂದೆ" ಬೇಡ, "ಬೆಳಿಗ್ಗೆ ಉಪ್ಪಿಟ್ಟು ತಿಂದಿರಿ, ಸ್ವಲ್ಪ ಉಪ್ಪು ಜಾಸ್ತಿ ಆಗಿತ್ತಲ್ವಾ" ಅಂತ ಮಾತಾಡಿ. ಹೊಸದೇನಾದ್ರೂ ಕಲಿಸೋವಾಗ್ಲೂ ಅಷ್ಟೇ, ಅವರ ಕೈ ತಪ್ಪು ಕಡೆ ಹೋಗೋ ಮುಂಚೆನೇ ನಿಮ್ಮ ಕೈ ಸೇರಿಸಿ, ದಿನ ಕಳೆದಂಗೆ ಸ್ವಲ್ಪ ಸ್ವಲ್ಪ ಹಿಂದೆ ಸರೀರಿ.

ಉದ್ರಿ ಬಾಕಿ ನೆನಪಿರೋದು ವಿಚಿತ್ರ ಏನಲ್ಲ. ಹಳೇದು ಆಗ್ಲೇ ಗಟ್ಟಿಯಾಗಿ ಕೂತಿದೆ. ಹೊಸದನ್ನ ಒಳಗೆ ಕೂರಿಸೋ ದಾರಿಗೆ ಪೆಟ್ಟಾಗಿದೆ. ಕೈಗೆ ರೂಢಿಯಾದ ಕೆಲಸಗಳದ್ದು ಇನ್ನೊಂದು ದಾರಿ, ಅದು ಎಷ್ಟೋ ಜನರಲ್ಲಿ ಚೆನ್ನಾಗೇ ಉಳಿದಿರುತ್ತೆ, ನಾವು ಥೆರಪಿಲಿ ನಂಬೋದು ಅದನ್ನೇ. ಮೊಬೈಲ್ ಆಟ ಆಡಿದ್ರೆ ಆ ಆಟದಲ್ಲಿ ಸ್ಕೋರ್ ಏರುತ್ತೆ, ಹಾಲು ಉಕ್ಕೋದು ಅದರಿಂದ ನಿಲ್ಲಲ್ಲ. ಆ ಹೊತ್ತನ್ನ ನಿಜವಾದ ಕಾಫಿ ಮಾಡಿಸೋದಕ್ಕೆ ಕೊಡಿ.

ನೀವು ಬರೆದಿದ್ದರಲ್ಲಿ ಒಂದು ವಾಕ್ಯ ಓದಿ ನಂಗೆ ಗಾಬರಿ ಆಯ್ತು, "ಹೊಗೆ ತುಂಬಿದ್ರೂ ಇವರಿಗೆ ಗೊತ್ತೇ ಆಗಿಲ್ಲ" ಅನ್ನೋದು. ಅದು ಮರೆವು ಮಾತ್ರ ಅಲ್ದೇ ಇರಬಹುದು. ಹಣೆಗೆ ಪೆಟ್ಟಾದಾಗ ಮೂಗಿಂದ ಮೆದುಳಿಗೆ ಹೋಗೋ ಸೂಕ್ಷ್ಮ ನರಗಳು ಹರಿದು ಕೆಲವರಿಗೆ ವಾಸನೆ ಶಕ್ತಿನೇ ಹೋಗಿರುತ್ತೆ, ಎಷ್ಟೋ ಜನ ಇದನ್ನ ಯಾರಿಗೂ ಹೇಳಿರಲ್ಲ, ಅವರಿಗೇ ಗೊತ್ತಿರಲ್ಲ. ಸಿಲಿಂಡರ್ ಗ್ಯಾಸ್‌ಗೆ ಸ್ವಂತ ವಾಸನೆ ಇರಲ್ಲ, ಸೋರಿದ್ರೆ ತಿಳೀಲಿ ಅಂತಾನೇ ಆ ಕೆಟ್ಟ ವಾಸನೆ ಬೆರೆಸಿರ್ತಾರೆ, ವಾಸನೆ ಬರದೇ ಇರೋರಿಗೆ ಆ ಎಚ್ಚರಿಕೆ ಇಲ್ಲವೇ ಇಲ್ಲ. ಕಣ್ಣು ಮುಚ್ಚಿಸಿ ಕಾಫಿಪುಡಿ ಡಬ್ಬಿ ಮೂಗಿನ ಹತ್ರ ಹಿಡಿದು ನೋಡಿ. ಬರ್ತಿಲ್ಲ ಅಂದ್ರೆ ಡಾಕ್ಟರಿಗೆ ತಿಳಿಸಿ, ನೀವು ಸ್ಕೂಲಿಗೆ ಹೊರಡೋವಾಗ ರೆಗ್ಯುಲೇಟರ್ ಆಫ್ ಆಗಿರಬೇಕು, ಹಳಸಿದ ಸಾರು ಯಾವುದು ಅಂತಾನೂ ಅವರಿಗೆ ಗೊತ್ತಾಗಲ್ಲ, ಪಾತ್ರೆ ಮೇಲೆ ತಾರೀಖು ಬರೆದಿಡಿ.

ಫಿಟ್ಸ್ ಮಾತ್ರೆನ ಡಾಕ್ಟರ್ ಹೇಳದೆ ನಿಲ್ಲಿಸಬೇಡಿ, ಬೈಕ್ ಕೀ ಅವರ ಕೈಗೆ ಸಿಗಬಾರದು, ಮದುವೆ ಮುಂಜಿ ಅಂತ ಯಾರಾದ್ರೂ ಒಂದು ಪೆಗ್ ಕೊಟ್ರೂ ಬೇಡ. ನಿಮ್ಹಾನ್ಸ್‌ನಲ್ಲಿ ನ್ಯೂರೋಸೈಕಾಲಜಿ ಟೆಸ್ಟ್ ಮಾಡಿಸಿ, ಗಮನ, ನೆನಪು, ಯೋಜನೆ ಮಾಡೋದು, ಇದರಲ್ಲಿ ಯಾವುದು ಎಷ್ಟು ಹೋಗಿದೆ ಯಾವುದು ಉಳಿದಿದೆ ಅಂತ ಬಿಡಿಸಿ ಹೇಳ್ತಾರೆ, ಅಲ್ಲೇ ರಿಹ್ಯಾಬ್ ವಿಭಾಗನೂ ಇದೆ. ಮಾತಾಡೋವಾಗ ಪದ ಸಿಗದೆ ತಡಕಾಡ್ತಿದ್ರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೂ ಹೋಗಬಹುದು. ಮೊದಲ ಆರು ತಿಂಗಳಲ್ಲಿ ಸುಧಾರಣೆ ಜೋರಾಗಿರುತ್ತೆ ನಿಜ, ಅಲ್ಲಿಗೇ ನಿಂತೋಯ್ತು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

---

ಹುಬ್ಬಳ್ಳಿ_ಅವ್ವ

ತಂಗೀ, ನಿನ್ನ ಪೋಸ್ಟ್ ಓದಿ ಕಣ್ಣಾಗ ನೀರು ಬಂದ್ವು. ನನ್ನ ಮಗಗ 4 ವರ್ಷದ ಹಿಂದ ಹಿಂಗ ಆತು, ಆವಾಗ ಅವಂಗ 21. ಆ ಅಣ್ಣಾರು ಮ್ಯಾಡಮ್ಮಾರು ಎಲ್ಲಾ ಛಲೋ ಹೇಳ್ಯಾರ, ನಾ ಮೂರು ಮಾತು ಹೇಳ್ತೀನಿ.

ಒಂದು, ಮನಿಗೆ ಬಂದವ್ರು. "ನನ್ನ ಗುರ್ತ ಸಿಕ್ತೇನಪಾ? ಹೇಳು ನಾ ಯಾರು?" ಅಂತ ಎಲ್ಲಾರೂ ಕೇಳಾವ್ರ. ಅಂವ ತಲಿ ತಗ್ಗಿಸಿ ಕುಂದ್ರತಿದ್ದ, ಆಮ್ಯಾಲ ಯಾರರೆ ಬಂದ್ರ ಒಳಗ ಹೋಗಿ ಬಾಗಲಾ ಹಾಕ್ಕೊಳಾಕ ಶುರು ಮಾಡಿದ. ಈಗ ನಾ ಬಾಗಲದಾಗ ನಿಂತು ಹೇಳಿಬಿಡ್ತೀನಿ, "ಒಳಗ ಹೋಗಿ ಮೊದಲ ನಿಮ್ಮ ಹೆಸರ ಹೇಳ್ರಿ, ಅಂವನ್ನ ಏನೂ ಕೇಳಬ್ಯಾಡ್ರಿ". ಒಂದಿಬ್ಬರು ಸಿಟ್ಟಾದ್ರು, ಆಗ್ಲಿ ಬಿಡು.

ಎರಡನೇದು ರೊಕ್ಕ. ಇದನ್ನ ಯಾರೂ ಹೇಳಂಗಿಲ್ಲ. ಯಾರೋ ಫೋನ್ ಮಾಡಿ ನಿಮ್ಮ ಖಾತೆ ಬಂದ್ ಆಕ್ಕೈತಿ ಅಂದ್ರು, ಇಂವ ಓಟಿಪಿ ಹೇಳಿಬಿಟ್ಟ, 18 ಸಾವಿರ ಹೋತು. ಅಂವಗ ಬುದ್ಧಿ ಇಲ್ಲ ಅಂತಲ್ಲ, ಎದುರಿನವ್ರು ಗಡಿಬಿಡಿ ಮಾಡಿದ್ರ ನಿಂತು ವಿಚಾರ ಮಾಡಾಕ ಆಗಂಗಿಲ್ಲ. ಈಗ ಅವನ ಫೋನ್‌ನ್ಯಾಗ ಬ್ಯಾರೆ ಖಾತೆ ಹಾಕೇವಿ, ಅದ್ರಾಗ 500 ರೂಪಾಯಿ ಮ್ಯಾಲ ಇಡಂಗಿಲ್ಲ. ಅಂಗಡಿಗೆ ಹೋಗಿ ತಾನ ರೊಕ್ಕ ಕೊಟ್ಟು ಬರ್ತಾನ, ಆ ಖುಷಿ ಅವಂಗ ಉಳೀತು.

ಮೂರನೇದು ದಣಿವು. ಬೆಳಿಗ್ಗೆ ಶಾಣ್ಯಾ ಇರ್ತಾನ, ಮಧ್ಯಾಹ್ನ 3ರ ಮ್ಯಾಲ ಬ್ಯಾರೇನ ಹುಡುಗ. ಮೊದಮೊದಲ ನನಗ ತಿಳೀಲಿಲ್ಲ, ಸಂಜಿಕೆ ಸಂತಿಗೆ ಕರ್ಕೊಂಡು ಹೋಗ್ತಿದ್ದೆ, ಗದ್ದಲದಾಗ ನಿಂತಲ್ಲೇ ನಿಂತುಬಿಡ್ತಿದ್ದ, ಇಲ್ಲಾ ಯಾರಿಗರೆ ಒದರತಿದ್ದ. ಈಗ ಮುಂಜಾನೆ 7ಕ್ಕ ಹೋಗ್ತೀವಿ, ಗದ್ದಲ ಇರಂಗಿಲ್ಲ, ಉಳ್ಳಾಗಡ್ಡಿ, ಮೆಣಸಿನಕಾಯಿ, ಕೊತ್ತಂಬರಿ, ಮೂರ ಸಾಮಾನು, ಚೀಟಿ ಅವನ ಕೈಯಾಗ, ನಾ ಹತ್ತು ಹೆಜ್ಜಿ ಹಿಂದ. ಮೂರೂ ತಂದು ಚೀಲದಾಗ ಹಾಕಿದ ದಿನ ಅವನ ಮಾರಿ ನೋಡಬೇಕಿತ್ತು ನೀನು. ಸಿಟ್ಟು ಬರೂಕಿಂತ ಮೊದಲ ಅಂವ ಬಲಗಿವಿ ಉಜ್ಜಾಕ ಹತ್ತತಾನ, ಅದು ಕಂಡ ಕೂಡ್ಲೆ "ಬಾ, ಮಾಳಿಗಿ ಮ್ಯಾಲ ಹೋಗೂಣು" ಅಂತೀನಿ. ನಿಮ್ಮನಿಯವ್ರದೂ ಅಂಥಾದ್ದು ಏನರೆ ಇರತೈತಿ, ಲಕ್ಷ್ಯ ಕೊಟ್ಟು ನೋಡು.

---

ತುಮಕೂರು_ಟೀಚರ್

24 ದಿನ ಆದ್ಮೇಲೆ ಬರೀತಿದೀನಿ. ಮೊದಲು ಮೂವರಿಗೂ ಕೈ ಮುಗೀತೀನಿ.

ಕಾಫಿಪುಡಿ ಪರೀಕ್ಷೆ ಅವತ್ತೇ ರಾತ್ರಿ ಮಾಡಿದೆ. ಕಣ್ಣು ಮುಚ್ಚಿಸಿ ಡಬ್ಬಿ ಹಿಡಿದ್ರೆ "ಏನಿದೆ, ಏನೂ ಇಲ್ವಲ್ಲ" ಅಂದ್ರು. ಬೆಳ್ಳುಳ್ಳಿ ಜಜ್ಜಿ ಹಿಡಿದೆ, ಅದೂ ಇಲ್ಲ. 8 ತಿಂಗಳು ನಾನು ಸಾರಿಗೆ ಒಗ್ಗರಣೆ ಹಾಕಿ "ಹೆಂಗಿದೆ" ಅಂತ ಕೇಳಿದಾಗೆಲ್ಲ ಇವರು ಚೆನ್ನಾಗಿದೆ ಅಂತಿದ್ರು. ಅವತ್ತು ಅಡುಗೆಮನೇಲಿ ನಿಂತು ಅತ್ತುಬಿಟ್ಟೆ. ಈಗ ರೆಗ್ಯುಲೇಟರ್ ಆಫ್ ಮಾಡೋದು ಅತ್ತೆ ಕೆಲಸ, ಅವರು ಅದನ್ನ ಬಹಳ ನಿಷ್ಠೆಯಿಂದ ಮಾಡ್ತಾರೆ. ಸೋಮಾರಿತನ ಅನ್ನೋ ಮಾತು ಅವತ್ತಿಂದ ಅವರ ಬಾಯಲ್ಲಿ ಬಂದಿಲ್ಲ.

ಮಾತ್ರೆ ಡಬ್ಬಿ, ಮೇಲೆ ಫೋನ್, ಪಕ್ಕ ನೀರು. 24 ದಿನದಲ್ಲಿ ತಪ್ಪಿದ್ದು ಎರಡೇ ಸಲ, ಎರಡು ಸಲಾನೂ ಕರೆಂಟ್ ಹೋಗಿ ಫೋನ್ ಚಾರ್ಜ್ ಇರಲಿಲ್ಲ. ಮಗಳ ದನಿ ಅಲಾರ್ಮ್ ಮೊದಲ ವಾರ ಕೆಲಸ ಮಾಡ್ತು, ಎರಡನೇ ವಾರದಿಂದ ಅದನ್ನೂ ಆಫ್ ಮಾಡಿ ಕೂರ್ತಿದ್ದಾರೆ. ಹಾಗಾಗಿ ಈಗ ಅತ್ತೆನೇ ಬಂದು ಹೆಗಲು ಮುಟ್ತಾರೆ. ಇದು ಪೂರ್ತಿ ಸರಿಹೋಗಿಲ್ಲ.

ಉದ್ರಿ ಪುಸ್ತಕದ ವಿಷಯ ಹೇಳಲೇಬೇಕು. ಅಂಗಡಿಯಿಂದ ಕೆಂಪು ಬಟ್ಟೆ ರಟ್ಟಿನ ಉದ್ದ ಪುಸ್ತಕ ತಂದು, ಏನೂ ಹೇಳದೆ, ಪೆನ್ನು ದಾರದಲ್ಲಿ ಕಟ್ಟಿ ಟೇಬಲ್ ಮೇಲೆ ಇಟ್ಟೆ. ಡೈರಿ ಎಸೆದವರು ಇದನ್ನ ತಾವೇ ಎತ್ಕೊಂಡು ಮೇಲೆ ಶ್ರೀ ಬರೆದು ಗೆರೆ ಹಾಕಿದ್ರು. ಈಗ ಬೆಳಿಗ್ಗೆ ಇಬ್ರೂ ಕೂತು ಆ ದಿನದ ಕೆಲಸ ಎಡಗಡೆ ಬರೀತೀವಿ, ಅವರ ಕೈಲೇ ಬರೆಸ್ತೀನಿ, ಆದ್ಮೇಲೆ ಬಲಗಡೆ ಅವರು "ಚುಕ್ತಾ" ಅಂತ ಬರೀತಾರೆ. ಮಾತ್ರೆ ಚುಕ್ತಾ. ಗಿಡಕ್ಕೆ ನೀರು ಚುಕ್ತಾ. ಯಾರಾದ್ರೂ ಏನಾದ್ರೂ ಕೇಳಿದ್ರೆ ಮೊದಲು ಪುಸ್ತಕ ನೋಡ್ತಾರೆ, ಆಮೇಲೆ ಉತ್ತರ ಹೇಳ್ತಾರೆ.

ಈಗ ಅಂಗಡಿಗೆ ಹೋಗ್ತೀನಿ ಅಂತ ಹಟ ಮಾಡ್ತಿದಾರೆ. ಮೈದುನ ನೋಡ್ಕೊಳ್ತಿದ್ದಾನೆ ಅಂಗಡಿನ. ಕಳಿಸಲಾ?

---

ಮಲೆನಾಡಿನವ_45

ಕಳಿಸಿ ಅಕ್ಕ. ಆದ್ರೆ ಗಲ್ಲಾ ಪೆಟ್ಟಿಗೆ ಹತ್ರ ಕೂರಿಸಬೇಡಿ. ದುಡ್ಡು ಎಣಿಸೋದು, ಚಿಲ್ಲರೆ ಕೊಡೋದು, ಅಷ್ಟರಲ್ಲಿ ಇನ್ನೊಬ್ರು ಸಕ್ಕರೆ ಕೇಳೋದು, ಅದು ಒಂದೇ ಸಲಕ್ಕೆ ಮೂರು ಕೆಲಸ, ಹುಬ್ಬಳ್ಳಿ ಅವ್ವ ಹೇಳಿದ ಸಂತೆ ಗದ್ದಲದ ಥರಾನೇ. ಬೆಳಿಗ್ಗೆ ಬೇಗ, ಗಿರಾಕಿ ಕಮ್ಮಿ ಇರೋವಾಗ, ಎರಡು ಗಂಟೆ, ಒಳಗಡೆ ತಕ್ಕಡಿ ಹತ್ರ. ಮನೆಗೆ ವಾಪಸ್ ಬಂದು ಮಲಗಿಬಿಡ್ತಾರೆ, ಗಾಬರಿ ಆಗಬೇಡಿ. ನಾನು ಕೆಲಸಕ್ಕೆ ವಾಪಸ್ ಹೋದ ಮೊದಲ ತಿಂಗಳು ಮಧ್ಯಾಹ್ನ ಎಲ್ಲಾ ನಿದ್ದೆನೇ.

---

ತುಮಕೂರು_ಟೀಚರ್

ನಿನ್ನೆ ಭಾನುವಾರ ಕರ್ಕೊಂಡು ಹೋಗಿದ್ದೆ, 7ರಿಂದ 9. ಮೈದುನ ಕಡ್ಲೆಬೇಳೆ ಮೂಟೆ ಬಿಚ್ಚಿ, ಹಳೇ ನ್ಯೂಸ್‌ಪೇಪರ್ ಮುಂದಿಟ್ಟ. ಇವರು ಒಂದು ಹಾಳೆ ತಗೊಂಡು, ನೋಡದೇನೇ, ಮೂಲೆ ಹಿಡಿದು ಸುತ್ತಿ ತಳ ಮಡಿಚಿದ್ರು. ಅಳೆದು ತುಂಬಿದ್ರು, ಬಾಯಿ ಮಡಿಚಿ, ಮೇಲೆ ನೇತಾಡೋ ದಾರ ಎಳೆದು ಎರಡು ಸುತ್ತು ಹಾಕಿ ಬೆರಳಲ್ಲೇ ಪಟ್ ಅಂತ ಹರಿದ್ರು. ಬೆಳಿಗ್ಗೆ ಶರ್ಟಿನ ಗುಂಡಿ ಹಾಕೋದಕ್ಕೆ ಹತ್ತು ನಿಮಿಷ ತಗೊಂಡ ಕೈ ಅದು. ಮೈದುನ ಒಂದೂ ಮಾತಾಡದೆ ಹಾಳೆ ಕೊಡ್ತಾ ಹೋದ.

ರಾತ್ರಿ ಊಟಕ್ಕೆ ಕೂತಾಗ "ನಾನು ಇವತ್ತು ಅಂಗಡಿಗೆ ಹೋಗಿದ್ನಾ?" ಅಂತ ಕೇಳಿದ್ರು. ನಾನು ಪುಸ್ತಕ ಅವರ ಕಡೆ ಸರಿಸಿದೆ. ಕಡ್ಲೆಬೇಳೆ ಅರ್ಧ ಕೆಜಿ, 40 ಪೊಟ್ಟಣ, ಚುಕ್ತಾ, ಅಂತ ಅವರದೇ ಕೈಬರಹ. ಅದನ್ನ ಎರಡು ಸಲ ಓದಿ ಇನ್ನೊಂದು ಚಪಾತಿ ಹಾಕಿಸ್ಕೊಂಡ್ರು.

ಗುರುವಾರ ನಿಮ್ಹಾನ್ಸ್‌ಗೆ ಹೋಗ್ತಿದೀವಿ, ಟೆಸ್ಟ್ ಬಗ್ಗೆ ಕೇಳ್ತೀನಿ, ವಾಸನೆ ವಿಷಯಾನೂ. ಈ ಪುಸ್ತಕಾನೂ ತಗೊಂಡು ಹೋಗಬಹುದಾ ಓಟಿ ಮೇಡಂ, ಡಾಕ್ಟರಿಗೆ ತೋರಿಸೋಕೆ?

---

ಓಟಿ_ಕರಾವಳಿ

ಖಂಡಿತ ತಗೊಂಡು ಹೋಗಿ. ಮಾತ್ರೆ ಚೀಟಿ, ಹಳೇ ಸ್ಕ್ಯಾನ್ ಫಿಲ್ಮ್ ಜೊತೆಗೇ ಇಡಿ. ಬೆಳಗಿನ ಹೊತ್ತೇ ಟೆಸ್ಟ್ ಇಟ್ಕೊಳ್ಳೋಕೆ ಆಗುತ್ತಾ ಅಂತ ಕೇಳಿ, ಹಿಂದಿನ ರಾತ್ರಿ ಬೇಗ ಮಲಗಿಸಿ, ಅವರು ಕನ್ನಡಕ ಹಾಕೋರಾದ್ರೆ ಮರೀದೇ ಇಟ್ಕೊಳ್ಳಿ.